ಲೇಸರ್ ಗ್ಯಾಲ್ವೋ: ಐವತ್ತು ಮಿಲಿವೋಲ್ಟ್ ನಡುಕದ ಲೆಕ್ಕ

ಗೋಡೆಯ ಮೇಲೆ ಲೇಸರ್ ಬರೆದ ಚೌಕ ನಡುಗುತ್ತಿದ್ದರೆ ಹವ್ಯಾಸಿಗಳು ಮೊದಲು ದೂರುವುದು ಗ್ಯಾಲ್ವೋವನ್ನು. ಅಗ್ಗದ ಮಾಲು, ಹಾಳಾಗಿದೆ, ಇನ್ನೊಂದು ಜೊತೆ ತರಿಸೋಣ ಎಂದು ಹೊರಟುಬಿಡುತ್ತಾರೆ. 20ಕೆ ದರ್ಜೆಯ ಒಂದು ಜೊತೆ ಗ್ಯಾಲ್ವೋ, ಡ್ರೈವರ್ ಬೋರ್ಡು, ಪವರ್ ಸಪ್ಲೈ ಎಲ್ಲ ಸೇರಿ ವಿದೇಶಿ ಆನ್‌ಲೈನ್ ಅಂಗಡಿಗಳಲ್ಲಿ ಸುಮಾರು 100 ಡಾಲರ್ ಆಸುಪಾಸು. ಸಾಗಣೆ, ಸುಂಕ ಬೇರೆ. ಆದರೆ ಆ ನಡುಕ ನಿಲ್ಲಿಸಲು ಬೇಕಾದದ್ದು ಹೆಚ್ಚಿನ ಸಲ ಒಂದಡಿ ಉದ್ದದ ದಪ್ಪ ವೈರು ಮಾತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದು ಕೆಲವೇ ರೂಪಾಯಿಗೆ ಸಿಗುತ್ತದೆ. ಈ ಮಾತು ಊಹೆಯದಲ್ಲ, ಅಂಕಿಗಳೇ ಹೇಳುತ್ತವೆ.

ಮೊದಲು 20ಕೆ, 30ಕೆ ಎಂದರೇನು ಎಂಬುದು ಸ್ಪಷ್ಟವಾಗಲಿ. ಗ್ಯಾಲ್ವೋ ಎಂದರೆ ಕೊರಳಿಗೆ ಪುಟ್ಟ ಕನ್ನಡಿ ಅಂಟಿಸಿದ ಮೋಟಾರು. ಸುತ್ತು ಹೊಡೆಯುವುದಿಲ್ಲ, ಕೆಲವೇ ಡಿಗ್ರಿ ಅತ್ತಿತ್ತ ಹೊರಳುತ್ತದೆ. ಒಂದು ಕನ್ನಡಿ ಕಿರಣವನ್ನು ಅಡ್ಡಕ್ಕೆ, ಇನ್ನೊಂದು ಮೇಲೆ ಕೆಳಗೆ ಒಯ್ಯುತ್ತದೆ. ಕನ್ನಡಿ 1 ಡಿಗ್ರಿ ತಿರುಗಿದರೆ ಕಿರಣ 2 ಡಿಗ್ರಿ ತಿರುಗುತ್ತದೆ. 30ಕೆ ಎಂದರೆ ಸೆಕೆಂಡಿಗೆ 30,000 ಬಿಂದು, ಅಂದರೆ ಬಿಂದುವಿನಿಂದ ಬಿಂದುವಿಗೆ 33 ಮೈಕ್ರೋಸೆಕೆಂಡು. ಆದರೆ ಈ ಸಂಖ್ಯೆಗೆ ಒಂದು ಷರತ್ತಿದೆ: ಕಿರಣದ ಒಟ್ಟು ಹರವು 8 ಡಿಗ್ರಿ ಇದ್ದಾಗ ಮಾತ್ರ ಆ ವೇಗ. ಅಂತರರಾಷ್ಟ್ರೀಯ ಲೇಸರ್ ಡಿಸ್‌ಪ್ಲೇ ಅಸೋಸಿಯೇಷನ್, ಅಂದರೆ 1986ರಲ್ಲಿ ಹುಟ್ಟಿದ ಇಲ್ಡಾ, ರೂಪಿಸಿದ ಪರೀಕ್ಷಾ ಚಿತ್ರದಲ್ಲಿ ಅಳೆಯುವುದೇ ಹಾಗೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ವೇಗ ಇರುತ್ತದೆ, ಕೋನ ಇರುವುದೇ ಇಲ್ಲ ಅಥವಾ ಮೂಲೆಯಲ್ಲಿರುತ್ತದೆ.

8 ಡಿಗ್ರಿಗೆ 5 ಮೀಟರ್ ದೂರದ ಗೋಡೆಯಲ್ಲಿ ಚಿತ್ರದ ಅಗಲ 70 ಸೆಂಟಿಮೀಟರ್. 20 ಡಿಗ್ರಿಗೆ 1.76 ಮೀಟರ್. ದೊಡ್ಡ ಚಿತ್ರ ಬೇಕೆಂದು ಕೋನ ಹಿಗ್ಗಿಸಿದರೆ ಅದೇ 33 ಮೈಕ್ರೋಸೆಕೆಂಡಿನಲ್ಲಿ ಕನ್ನಡಿ ಎರಡೂವರೆ ಪಟ್ಟು ದೂರ ಜಿಗಿಯಬೇಕು. ಅದರ ಕೈಯಲ್ಲಾಗದು, ಮೂಲೆಗಳು ದುಂಡಗಾಗುತ್ತವೆ, ಮೋಟಾರು ಬಿಸಿಯಾಗುತ್ತದೆ. ಪ್ರೊಜೆಕ್ಟರನ್ನು ಗೋಡೆಯಿಂದ 12.6 ಮೀಟರ್ ದೂರಕ್ಕೆ ಸರಿಸಿದರೆ 8 ಡಿಗ್ರಿಯಲ್ಲೇ 1.76 ಮೀಟರ್ ಅಗಲ ಬರುತ್ತದೆ. ದೂರಕ್ಕೆ ಕಾಸಿಲ್ಲ, ಕೋನಕ್ಕೆ ಕಾಸಿದೆ. ಜಾಗವಿದ್ದವರು ಗ್ಯಾಲ್ವೋ ಬದಲಿಸುವ ಮೊದಲು ಮೇಜನ್ನು ಹಿಂದಕ್ಕೆ ಸರಿಸಬೇಕು.

ಇನ್ನು ಎಷ್ಟು ಕೆ ಬೇಕು ಎಂಬ ಪ್ರಶ್ನೆ. ಕಣ್ಣಿಗೆ ಚಿತ್ರ ಮಿಟುಕದಂತೆ ಕಾಣಲು ಸೆಕೆಂಡಿಗೆ 25 ಸಲವಾದರೂ ಅದನ್ನು ಪೂರ್ತಿ ಬರೆಯಬೇಕು ಎಂದಿಟ್ಟುಕೊಳ್ಳಿ. 20ಕೆ ಆದರೆ ಒಂದು ಚಿತ್ರಕ್ಕೆ 800 ಬಿಂದು, 30ಕೆ ಆದರೆ 1,200 ಬಿಂದು. ಈಗ ಕನ್ನಡದಲ್ಲಿ ಬರೆಯೋಣ. ಒಂದು ಅಕ್ಷರಕ್ಕೋ ಒತ್ತಿಗೋ ಸುಮಾರು 90 ಬಿಂದು, ಲೇಸರ್ ಆರಿಸಿಕೊಂಡು ಮುಂದಿನದಕ್ಕೆ ಜಿಗಿಯಲು 15, ಒಟ್ಟು 105 ಎಂಬುದು ನನ್ನ ಅಂದಾಜು. ‘ಕರ್ನಾಟಕ’ ಎಂಬುದರಲ್ಲಿ ಅರ್ಕಾವೊತ್ತು ಸೇರಿ 5 ತುಂಡು: 525 ಬಿಂದು. 20ಕೆಯಲ್ಲಿ ಸೆಕೆಂಡಿಗೆ 38 ಸಲ ಬರುತ್ತದೆ, ಚೊಕ್ಕಟ. ‘ಕರ್ನಾಟಕ ರಾಜ್ಯೋತ್ಸವ’ ಎಂದರೆ ಒತ್ತು, ದೀರ್ಘ ಎಲ್ಲ ಸೇರಿ 12 ತುಂಡು: 1,260 ಬಿಂದು. 20ಕೆಯಲ್ಲಿ ಸೆಕೆಂಡಿಗೆ 16 ಸಲ ಮಾತ್ರ, ನೋಡುವವರಿಗೆ ತಲೆನೋವು. 30ಕೆಯಲ್ಲಿ 24, ತಾಳಿಕೊಳ್ಳಬಹುದು. ಕನ್ನಡಕ್ಕೆ ಇಲ್ಲೊಂದು ಅನುಕೂಲವೂ ಇದೆ. ಚೂಪು ಮೂಲೆ ಬಂದಲ್ಲೆಲ್ಲ ಕನ್ನಡಿ ನಿಂತು ತಿರುಗಬೇಕು, ಅಲ್ಲಿ ಮೂರು ನಾಲ್ಕು ಬಿಂದುಗಳನ್ನು ಒಂದೇ ಕಡೆ ಸುರಿಯಬೇಕು. ನಮ್ಮ ಲಿಪಿಯಲ್ಲಿ ಮೂಲೆ ಕಡಿಮೆ, ದುಂಡು ಹೆಚ್ಚು. ಗ್ಯಾಲ್ವೋಗೆ ಒಗ್ಗುವ ಬರವಣಿಗೆ. ಹೆಸರು, ಚಿಕ್ಕ ಚಿತ್ರ ಸಾಕು ಎನ್ನುವವರಿಗೆ 20ಕೆ ಧಾರಾಳವಾಯಿತು. ಕೇಂಬ್ರಿಡ್ಜ್ ಟೆಕ್ನಾಲಜಿಯ 6215 ಸರಣಿಯಂಥ ಗ್ಯಾಲ್ವೋ ಹೊಸದಾಗಿ ಕೊಳ್ಳಲು ಹೋದರೆ ಬೆಲೆ ಸಾವಿರ ಡಾಲರ್ ದಾಟುತ್ತದೆ. ಅದು ವೃತ್ತಿಪರರ ಮಾತು.

ಈಗ ನಡುಕಕ್ಕೆ ಬರೋಣ. ಅಗ್ಗದ ಸೆಟ್ಟಿನಲ್ಲಿ ಸಪ್ಲೈನಿಂದ ಡ್ರೈವರ್ ಬೋರ್ಡಿಗೆ ಮೂರು ವೈರು: ಪ್ಲಸ್ 15 ವೋಲ್ಟ್, ಗ್ರೌಂಡ್, ಮೈನಸ್ 15 ವೋಲ್ಟ್. ಹವ್ಯಾಸಿಗಳು ಇದನ್ನು ಉದ್ದ ಮಾಡಲು ಕೈಗೆ ಸಿಕ್ಕಿದ 24 ಗೇಜ್ ವೈರು ಬೆಸೆಯುತ್ತಾರೆ. ಆ ವೈರಿನ ರೋಧ ಮೀಟರಿಗೆ 84 ಮಿಲಿಓಮ್. 30 ಸೆಂಟಿಮೀಟರಿಗೆ 25 ಮಿಲಿಓಮ್. ಕನ್ನಡಿ ಒಮ್ಮೆಲೇ ಜಿಗಿಯುವ ಕ್ಷಣದಲ್ಲಿ ಆ ವೈರಿನಲ್ಲಿ 2 ಆಂಪಿಯರ್ ಹರಿಯಿತು ಎಂದಿಟ್ಟುಕೊಂಡರೆ ಬೋರ್ಡಿನ ಗ್ರೌಂಡು 50 ಮಿಲಿವೋಲ್ಟ್ ಮೇಲೇಳುತ್ತದೆ. ಸಿಗ್ನಲ್ ಒಂದೇ ವೈರಿನಲ್ಲಿ ಬರುತ್ತಿದ್ದರೆ ಅದರ ಒಟ್ಟು ಹರವು ಮೈನಸ್ 5ರಿಂದ ಪ್ಲಸ್ 5, ಅಂದರೆ 10 ವೋಲ್ಟ್. ಅದರಲ್ಲಿ 50 ಮಿಲಿವೋಲ್ಟ್ ಎಂದರೆ ಶೇ. 0.5. 1.76 ಮೀಟರ್ ಚಿತ್ರದಲ್ಲಿ ಅದು ಸುಮಾರು 9 ಮಿಲಿಮೀಟರ್. ಗೆರೆಯೇ ಮೂರ್ನಾಲ್ಕು ಮಿಲಿಮೀಟರ್ ದಪ್ಪವಿರುವಾಗ 9 ಮಿಲಿಮೀಟರ್ ಅಲುಗಾಟ ಯಾರಿಗೂ ಕಾಣುತ್ತದೆ. ಅದೇ ಜಾಗಕ್ಕೆ 1 ಚದರ ಮಿಲಿಮೀಟರ್ ತಾಮ್ರದ ವೈರು ಹಾಕಿದರೆ ರೋಧ 5 ಮಿಲಿಓಮ್, ಏರಿಕೆ 10 ಮಿಲಿವೋಲ್ಟ್, ಅಲುಗಾಟ 2 ಮಿಲಿಮೀಟರಿಗೂ ಕಡಿಮೆ. ಗೆರೆಯ ದಪ್ಪದಲ್ಲಿ ಮುಚ್ಚಿಹೋಗುತ್ತದೆ.

ಇದರ ಗುರುತು ಸುಲಭ. ಎರಡು ದಿಕ್ಕಿನ ಎರಡೂ ಡ್ರೈವರ್ ಬೋರ್ಡಿಗೆ ಒಂದೇ ಗ್ರೌಂಡ್ ವೈರನ್ನು ಸರಪಳಿಯಂತೆ ಕೊಟ್ಟಿದ್ದರೆ, ನೆಟ್ಟಗಿರಬೇಕಾದ ಅಡ್ಡಗೆರೆ ನಿಲುವುಗೆರೆ ಬರೆದ ಮರುಕ್ಷಣ ಸೊಟ್ಟಗಾಗುತ್ತದೆ. ಒಂದರ ಕರೆಂಟು ಇನ್ನೊಂದರ ಸಿಗ್ನಲ್ ಕೆಡಿಸುತ್ತದೆ. ಪ್ರತಿ ಬೋರ್ಡಿನ ಗ್ರೌಂಡು ಬೇರೆಬೇರೆಯಾಗಿ ಸಪ್ಲೈನ ಒಂದೇ ತುದಿಗೆ ಬರಬೇಕು. ಅಷ್ಟೇ ಮದ್ದು.

ನಡುಕ ಕರೆಂಟಿನ ಮೇನ್ಸಿನಿಂದ ಬಂದದ್ದೋ ಎಂದು ತಿಳಿಯಲು ಒಂದು ಒಳ್ಳೆಯ ಉಪಾಯವಿದೆ. ನಮ್ಮ ಮೇನ್ಸು 50 ಹರ್ಟ್ಸ್. 30ಕೆಯಲ್ಲಿ 1,200 ಬಿಂದುವಿನ ವೃತ್ತ ಬರೆಸಿ: ಸೆಕೆಂಡಿಗೆ ಸರಿಯಾಗಿ 25 ವೃತ್ತ, ಒಂದು ವೃತ್ತಕ್ಕೆ ಸರಿಯಾಗಿ 2 ಅಲೆ. ಸೊಟ್ಟ ಒಂದೇ ಕಡೆ ನಿಂತಿರುತ್ತದೆ, ವೃತ್ತವೇ ಡೊಂಕು ಎನ್ನಿಸುತ್ತದೆ. ಈಗ ಬಿಂದುಗಳನ್ನು 1,210 ಮಾಡಿ. ಸೊಟ್ಟ ನಿಧಾನವಾಗಿ ವೃತ್ತದ ಸುತ್ತ ತೆವಳತೊಡಗಿದರೆ ಅದು ಮೇನ್ಸಿನಿಂದ ನುಸುಳಿದ ಅಲೆ, ಅಂದರೆ ಹಮ್; ಗ್ಯಾಲ್ವೋದ ತಪ್ಪಲ್ಲ. ಅಲ್ಲೇ ನಿಂತಿದ್ದರೆ ಟ್ಯೂನಿಂಗ್ ನೋಡಬೇಕು.

ಹಮ್ ಒಳಗೆ ಬರುವುದು ಹೆಚ್ಚಾಗಿ ಸಿಗ್ನಲ್ ಕೇಬಲ್ಲಿನಲ್ಲಿ. ಇಲ್ಡಾ ಕಟ್ಟಳೆಯ 25 ಪಿನ್ನಿನ ಕನೆಕ್ಟರಿನಲ್ಲಿ ಎಕ್ಸ್ ಸಿಗ್ನಲ್ 1 ಮತ್ತು 14ನೇ ಪಿನ್ನಿನ ಜೋಡಿ, ವೈ ಸಿಗ್ನಲ್ 2 ಮತ್ತು 15ರ ಜೋಡಿ, ಗ್ರೌಂಡ್ 25. ಜೋಡಿಯಲ್ಲಿ ಒಂದು ಪ್ಲಸ್ 5ಕ್ಕೆ ಹೋದಾಗ ಇನ್ನೊಂದು ಮೈನಸ್ 5ಕ್ಕೆ ಹೋಗುತ್ತದೆ. ಡ್ರೈವರ್ ಬೋರ್ಡು ಇವೆರಡರ ವ್ಯತ್ಯಾಸ ತೆಗೆಯುತ್ತದೆ. ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿದ ಹಮ್ಮು, ಗ್ರೌಂಡಿನ 50 ಮಿಲಿವೋಲ್ಟು, ಕಳೆಯುವಾಗ ಸೊನ್ನೆಯಾಗುತ್ತದೆ. ಒಂದು ವೈರು ಉಳಿಸಲೆಂದು 14ನ್ನು ಗ್ರೌಂಡಿಗೆ ಬೆಸೆದವರು ಈ ರಕ್ಷಣೆಯನ್ನೇ ಕಿತ್ತುಹಾಕುತ್ತಾರೆ. ಜೊತೆಗೆ 20 ವೋಲ್ಟಿನ ಹರವು 10 ವೋಲ್ಟಿಗೆ ಇಳಿದು ಚಿತ್ರ ಆ ದಿಕ್ಕಿನಲ್ಲಿ ಅರ್ಧಕ್ಕರ್ಧ ಕುಗ್ಗುತ್ತದೆ. ಚಿತ್ರ ಒಂದೇ ದಿಕ್ಕಿನಲ್ಲಿ ಅರ್ಧವಾಗಿದ್ದರೆ ಬೋರ್ಡಿನ ಟ್ರಿಮ್ಮರ್ (ಹೊಂದಿಸುವ ಪುಟ್ಟ ತಿರುಪು) ಮುಟ್ಟಬೇಡಿ, ಜೋಡಿಯ ಒಂದು ವೈರು ಬಿಟ್ಟುಹೋಗಿದೆ. ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿದ್ದರೆ 1 ಮತ್ತು 14 ಅದಲುಬದಲು.

ಕೇಬಲ್ಲೇ ಮೋಸ ಮಾಡುವುದೂ ಉಂಟು. ಹಳೆಯ ಪ್ರಿಂಟರ್ ಪೋರ್ಟಿನ ಎಕ್ಸ್‌ಟೆನ್ಷನ್ ಕೇಬಲ್ಲಿನಲ್ಲೂ 25 ಪಿನ್ನೇ. ಆದರೆ ಪ್ರಿಂಟರ್ ಪೋರ್ಟಿನಲ್ಲಿ 18ರಿಂದ 25 ಎಲ್ಲವೂ ಗ್ರೌಂಡು; ಅಗ್ಗದ ಕೇಬಲ್ಲುಗಳಲ್ಲಿ ಆ ಎಂಟನ್ನೂ ಒಳಗೇ ಒಂದು ಮಾಡಿರುತ್ತಾರೆ. ಇಲ್ಡಾದಲ್ಲಿ 18, 19, 20 ಕೆಂಪು, ಹಸಿರು, ನೀಲಿಯ ಮೈನಸ್ ಪಿನ್ನುಗಳು. ಚಿತ್ರದ ಆಕಾರ ಸರಿಯಿದ್ದು ಬಣ್ಣ ಮಾತ್ರ ಕಲಸಿದ್ದರೆ ಕೇಬಲ್ಲಿನ ಎರಡೂ ತುದಿಗೆ ಮಲ್ಟಿಮೀಟರ್ ಹಿಡಿದು 25 ಪಿನ್ನನ್ನೂ ಒಂದೊಂದಾಗಿ ನೋಡಿ. ಇನ್ನೂರು ಮುನ್ನೂರು ರೂಪಾಯಿಯ ಮೀಟರ್ ಸಾಕು.

ಅದೇ ಮೀಟರಿಗೆ ಇನ್ನೊಂದು ಕೆಲಸವಿದೆ. ಬೋರ್ಡಿಗೆ ಪ್ಲಗ್ ಸಿಕ್ಕಿಸುವ ಮೊದಲು ಸಪ್ಲೈನ ಹೊರ ತುದಿಗಳ ನಡುವೆ 30 ವೋಲ್ಟ್, ನಡುವಿನಿಂದ ಪ್ರತಿ ಕಡೆಗೂ 15 ಇದೆಯೇ ನೋಡಬೇಕು. ಮೈನಸ್ 15 ಬಿಟ್ಟುಹೋಗಿದ್ದರೆ ಕನ್ನಡಿ ಒಂದು ಪಕ್ಕಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ, ಕಾಯಿಲು ಸುಡುತ್ತದೆ. ಹಲವು ಬೋರ್ಡುಗಳಲ್ಲಿ ಟಿಡಿಎ2030, ಎಲ್‌ಎಂ1875 ಬಗೆಯ ಆಂಪ್ಲಿಫೈಯರ್ ಚಿಪ್ಪುಗಳಿರುತ್ತವೆ; ಅವುಗಳ ಬೆನ್ನಿನ ಲೋಹ ಮೈನಸ್ ಸಪ್ಲೈಗೆ ಕೂಡಿರುತ್ತದೆ. ಅಭ್ರಕದ ಹಾಳೆಯಿಲ್ಲದೆ ಅವನ್ನು ಲೋಹದ ಪೆಟ್ಟಿಗೆಗೆ ಸ್ಕ್ರೂ ಮಾಡಿದರೆ ಪೆಟ್ಟಿಗೆಯೇ ಮೈನಸ್ 15 ವೋಲ್ಟಾಗುತ್ತದೆ. ಗ್ಯಾಲ್ವೋ ಶಿಳ್ಳೆ ಹಾಕಿದರೆ ಆ ಕ್ಷಣವೇ ಸ್ವಿಚ್ ಆರಿಸಿ. ಎರಡು ಬೋರ್ಡಿನ ಮೋಟಾರ್ ಪ್ಲಗ್ಗು ಅದಲುಬದಲಾಗಿದ್ದರೂ ಶಿಳ್ಳೆ ಬರುತ್ತದೆ, ಏಕೆಂದರೆ ಪ್ರತಿ ಬೋರ್ಡನ್ನೂ ತನ್ನ ಮೋಟಾರಿಗೇ ಹೊಂದಿಸಿರುತ್ತಾರೆ.

ಇಷ್ಟಾದ ಮೇಲೆ ಮಾತ್ರ ಟ್ರಿಮ್ಮರ್. ಇಲ್ಡಾ ಚಿತ್ರದ ನಡುವೆ ಒಂದು ಚೌಕ, ಒಂದು ವೃತ್ತ ಇವೆ. ಫೈಲಿನಲ್ಲಿ ವೃತ್ತ ಚೌಕಕ್ಕಿಂತ ದೊಡ್ಡದು. ನಿಗದಿತ ವೇಗದಲ್ಲಿ ಕನ್ನಡಿ ಹಿಂದುಳಿದು ಅದು ಕುಗ್ಗಿ, ಚೌಕದ ನಾಲ್ಕೂ ಬದಿಯನ್ನು ಒಳಗಿನಿಂದ ಮುಟ್ಟಬೇಕು. ಹೊರಗೆ ಉಳಿದರೆ ಗೇನ್ ಹೆಚ್ಚು, ಬದಿ ಮುಟ್ಟದಿದ್ದರೆ ಕಡಿಮೆ. ಚೌಕದ ಮೂಲೆಯಲ್ಲಿ ಬಾಲ ಹೊರಬಂದರೆ ಡ್ಯಾಂಪಿಂಗ್ ಸಾಲದು. ಟ್ರಿಮ್ಮರಿನ ಈಗಿನ ಸ್ಥಾನವನ್ನು ಫೋಟೋ ತೆಗೆದಿಟ್ಟು, ಒಂದು ಸಲಕ್ಕೆ ಒಂದನ್ನೇ, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ.

ಅಂಕಿಗಳನ್ನು ವೋಲ್ಟೇಜಾಗಿಸಿ ಸಿಗ್ನಲ್ ಕೊಡುವ ಡ್ಯಾಕ್ ಅನ್ನು ಸ್ವತಃ ಕಟ್ಟುವವರಿಗೆ ಎಂಸಿಪಿ4822 ಚಿಪ್ಪು ಅನುಕೂಲ: 12 ಬಿಟ್, ಎರಡು ಚಾನೆಲ್, 0ಯಿಂದ 4.096 ವೋಲ್ಟ್, ಅಂದರೆ ಹೆಜ್ಜೆಗೆ ಸರಿಯಾಗಿ 1 ಮಿಲಿವೋಲ್ಟ್. ಅದರಲ್ಲಿ 2.048 ಕಳೆದು 2.44 ಪಟ್ಟು ಮಾಡಿದರೆ ಪ್ಲಸ್ ಮೈನಸ್ 5 ವೋಲ್ಟ್; ಅದನ್ನು ತಿರುವಿದರೆ ಜೋಡಿಯ ಇನ್ನೊಂದು ವೈರು. ಎರಡು ದಿಕ್ಕಿಗೆ ನಾಲ್ಕು ಆಪ್‌ಆಂಪ್, ಒಂದು ಟಿಎಲ್074ರಲ್ಲಿ ನಾಲ್ಕೂ ಇವೆ.

ಕೊನೆಯ ಲೆಕ್ಕ ಕಣ್ಣಿನದು. 1973ರ ನವೆಂಬರ್ 19ರಂದು ಲಾಸ್ ಏಂಜಲಿಸ್‌ನ ಗ್ರಿಫಿತ್ ವೀಕ್ಷಣಾಲಯದಲ್ಲಿ ಐವನ್ ಡ್ರೈಯರ್ ‘ಲೇಸೇರಿಯಂ’ ಪ್ರದರ್ಶನ ಆರಂಭಿಸಿದಾಗ ಬೇಕಾಗಿದ್ದದ್ದು ಕ್ರಿಪ್ಟಾನ್ ಅನಿಲದ ದೊಡ್ಡ ಲೇಸರ್. ಇಂದು 1 ವ್ಯಾಟ್ ಡಯೋಡ್ ಲೇಸರ್ ಮುಷ್ಟಿಯಲ್ಲಿ ಹಿಡಿಯುತ್ತದೆ, ಹಾಗಾಗಿ ಅಡುಗೆಮನೆಯ ಮೇಜಿನ ಮೇಲೂ ಬಂದು ಕೂರುತ್ತದೆ. ಕಾಲು ಸೆಕೆಂಡಿನ ನೋಟಕ್ಕೆ ಕಣ್ಣು ತಡೆಯುವ ಮಿತಿ ಚದರ ಸೆಂಟಿಮೀಟರಿಗೆ 2.54 ಮಿಲಿವ್ಯಾಟ್. 3 ಮಿಲಿಮೀಟರ್ ಅಗಲದ 1 ವ್ಯಾಟ್ ಕಿರಣದಲ್ಲಿರುವುದು ಚದರ ಸೆಂಟಿಮೀಟರಿಗೆ 14,000 ಮಿಲಿವ್ಯಾಟಿಗೂ ಹೆಚ್ಚು, ಅಂದರೆ ಮಿತಿಯ 5,500 ಪಟ್ಟು. ಕಿರಣ 1 ಮಿಲಿರೇಡಿಯನ್ ಹರಡುತ್ತದೆ ಎಂದುಕೊಂಡರೂ ಆ ಮಿತಿಗೆ ಇಳಿಯಲು 220 ಮೀಟರ್ ದೂರ ಹೋಗಬೇಕು. ವೈರು ಬಿಟ್ಟುಹೋಗಿ ಕನ್ನಡಿ ನಿಂತರೆ ಆ ಇಡೀ ಶಕ್ತಿ ಒಂದೇ ಚುಕ್ಕೆಯಲ್ಲಿ ನಿಲ್ಲುತ್ತದೆ. ಅಮೆರಿಕದ ನಿಯಮದಲ್ಲಿ ಜನ ನಿಲ್ಲುವ ನೆಲದಿಂದ 3 ಮೀಟರ್ ಮೇಲೆ, ಪಕ್ಕಕ್ಕೆ 2.5 ಮೀಟರ್ ದೂರದಲ್ಲಿ ಕಿರಣ ಇರಬೇಕೆಂದಿದೆ. ಮನೆಯ ಕೋಣೆಯಲ್ಲಿ ಅಷ್ಟು ಜಾಗವೇ ಇರುವುದಿಲ್ಲ.

ಆದ್ದರಿಂದ ವೈರಿಂಗ್, ಟ್ಯೂನಿಂಗ್ ಎರಡೂ ಮುಗಿಯುವವರೆಗೆ 1 ಮಿಲಿವ್ಯಾಟ್ ಮೀರದ ಕೆಂಪು ಲೇಸರನ್ನೇ ಬಳಸಿ. ದೊಡ್ಡ ಲೇಸರ್ ಪೆಟ್ಟಿಗೆಯಲ್ಲೇ ಇರಲಿ.