ಆಕಾಶನೌಕೆಯ ನಾಯಕನೂ ತರಗತಿಯ ಗುರುವೂ

ವಿಜ್ಞಾನದ ಕಲ್ಪಿತ ಕಥೆಗಳೆಂದರೆ ಬರಿಯ ಮನೋರಂಜನೆಯ ಸಾಮಗ್ರಿಯೆಂದು ಅನೇಕರು ತಿಳಿದಿದ್ದಾರೆ. ಬೆಳಕನ್ನು ಹಿಂದಿಕ್ಕಿ ಓಡುವ ನೌಕೆಗಳು ಭೌತಶಾಸ್ತ್ರದ ಕಟ್ಟಳೆಗೆ ಒಳಪಡುವುದಿಲ್ಲವೆಂಬುದು ನಿಜ. ಆದರೆ ಆ ಕಥೆಗಳಲ್ಲಿ ಯಂತ್ರಗಳು ಸುಳ್ಳಾದರೂ ಮನುಷ್ಯಸ್ವಭಾವವು ಸುಳ್ಳಲ್ಲ. ಅರಿಯದ ದಾರಿಯಲ್ಲಿ ನೂರಾರು ಜನರನ್ನು ನಡೆಸಿಕೊಂಡು ಹೋಗುವ ನಾಯಕನಿಗೂ, ೪೦-೫೦ ವಿದ್ಯಾರ್ಥಿಗಳನ್ನು ಅರಿಯದ ವಿಷಯದೊಳಕ್ಕೆ ಕರೆದೊಯ್ಯುವ ಶಿಕ್ಷಕನಿಗೂ ಎದುರಾಗುವ ಪ್ರಶ್ನೆಯು ಒಂದೇ: ತನ್ನನ್ನು ನಂಬಿದವರು ತನ್ನೆದುರು ನಿಜವನ್ನು ನುಡಿಯುವಂತೆ ಮಾಡುವುದು ಹೇಗೆ?

೧೯೬೬ನೆಯ ಇಸವಿ ಸಪ್ಟೆಂಬರ್ ೮ರಂದು ಅಮೇರಿಕದ ಎನ್.ಬಿ.ಸಿ. ದೂರದರ್ಶನದಲ್ಲಿ ಪ್ರಾರಂಭವಾಗಿ ೧೯೬೯ರವರೆಗೆ ೭೯ ಕಂತುಗಳಲ್ಲಿ ನಡೆದ ‘ಸ್ಟಾರ್ ಟ್ರೆಕ್’ ಎಂಬ ಕಥಾಮಾಲೆಯನ್ನು ನೋಡೋಣ. ‘ಎಂಟರ್‌ಪ್ರೈಸ್’ ನೌಕೆಯ ನಾಯಕನು ಕರ್ಕ್. ಅವನ ಒಂದು ಮಗ್ಗುಲಿಗೆ ತರ್ಕವೇ ಮೈವೆತ್ತಂತಿರುವ ಸ್ಪಾಕ್. ಮತ್ತೊಂದು ಮಗ್ಗುಲಿಗೆ ಅಂತಃಕರಣವುಳ್ಳ ವೈದ್ಯ ಮೆಕಾಯ್. ಇಬ್ಬರೂ ಅವನನ್ನು ಎದುರಿಗೇ ಟೀಕಿಸಬಲ್ಲರು. ನಾಯಕನು ಇಬ್ಬರನ್ನೂ ಕೇಳುತ್ತಾನೆ. ನಿರ್ಧಾರದ ಹೊಣೆಯನ್ನು ಮಾತ್ರ ಯಾರಿಗೂ ಹಂಚುವುದಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ಬೈಲಿಯೆಂಬ ತರುಣ ಅಧಿಕಾರಿಯು, ಶತ್ರುವು ಕೊಟ್ಟ ಗಡುವು ಸಮೀಪಿಸಲು ಧೈರ್ಯಗೆಟ್ಟು ಕೂಗಾಡುತ್ತಾನೆ. ಕರ್ಕನು ಅವನನ್ನು ಕೂಡಲೇ ಕೆಲಸದಿಂದ ಬಿಡಿಸಿ ಕೋಣೆಗೆ ಕಳುಹಿಸುತ್ತಾನೆ. ಆದರೆ ಸ್ವಲ್ಪ ಸಮಯದಲ್ಲಿಯೇ ಬೈಲಿಯು ಸಾವರಿಸಿಕೊಂಡು ಮರಳಿ ಬಂದು ತನ್ನ ಸ್ಥಾನವನ್ನು ಬೇಡಿದಾಗ, ಅದನ್ನು ಕೊಡಲು ನಾಯಕನು ಹಿಂಜರಿಯುವುದಿಲ್ಲ. ಶಿಸ್ತೂ ಉಳಿಯಿತು, ಹುಡುಗನೂ ಉಳಿದ.

ಇದಕ್ಕೂ ತರಗತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸರಳ ಲೋಲಕದ ಪ್ರಯೋಗವನ್ನು ತೆಗೆದುಕೊಳ್ಳಿ. ೧ ಮೀಟರ್ ಉದ್ದದ ಲೋಲಕವು ೨೦ ಆಂದೋಲನಗಳಿಗೆ ಸುಮಾರು ೪೦ ಸೆಕೆಂಡು ತೆಗೆದುಕೊಳ್ಳುತ್ತದೆ. ಗಡಿಯಾರವನ್ನು ಒತ್ತುವಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಸತೊಡಗಿದವನು ೧೯ ಆಂದೋಲನಗಳನ್ನೇ ೨೦ ಎಂದು ಬರೆಯುತ್ತಾನೆ. ಅವನ ಗುರುತ್ವ ವೇಗೋತ್ಕರ್ಷವು ೯.೮ರ ಬದಲು ಸುಮಾರು ೧೦.೯ ಬರುತ್ತದೆ. ಈಗ ಅವನ ಮುಂದೆ ಎರಡು ದಾರಿಗಳಿವೆ. ಗುರುವು ಗದರುವವನಾದರೆ, ಪುಸ್ತಕದ ೯.೮ರಿಂದ ಹಿಂದಕ್ಕೆ ಲೆಕ್ಕ ಮಾಡಿ ಸುಳ್ಳು ವಾಚನಗಳನ್ನು ಬರೆದು ಒಪ್ಪಿಸುವನು. ಗುರುವು ಕೇಳುವವನಾದರೆ, “ನನ್ನ ಉತ್ತರ ತಪ್ಪು ಬಂದಿದೆ” ಎಂದು ತಾನೇ ಬಂದು ಹೇಳುವನು. ಇಬ್ಬರೂ ಕೂಡಿ ಆ ಒಂದು ಎಣಿಕೆಯನ್ನು ಹುಡುಕಿ ತೆಗೆಯುವರು. ಮೊದಲನೆಯವನಿಗೆ ಅಂಕಗಳು ದೊರೆತವು. ಎರಡನೆಯವನಿಗೆ ವಿಜ್ಞಾನವು ದೊರೆಯಿತು.

ಬೇಡಕಿಹಾಳ, ನಿಪ್ಪಾಣಿ, ಚಿಕ್ಕೋಡಿಗಳಂತಹ ಗಡಿಭಾಗದ ಊರುಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕವುಂಟು. ಮನೆಯಲ್ಲಿ ಕನ್ನಡವಾಡುವವನೂ ಮರಾಠಿಯಾಡುವವನೂ ಇಲ್ಲಿ ಒಂದೇ ಬಾಕಿನ ಮೇಲೆ ಕುಳಿತು, ಪದವಿಯ ವಿಜ್ಞಾನವನ್ನು ಮೂರನೆಯ ಭಾಷೆಯಾದ ಇಂಗ್ಲಿಷಿನಲ್ಲಿ ಓದುತ್ತಾರೆ. ತಿಳಿಯಲಿಲ್ಲವೆನ್ನಲು ಮಾತೇ ಸಿಕ್ಕದ ವಿದ್ಯಾರ್ಥಿಯ ಮೌನವನ್ನು ದಡ್ಡತನವೆಂದು ಎಣಿಸುವುದು ಸುಲಭ. ಅದು ಅನ್ಯಾಯವೂ ಹೌದು.

ತರ್ಕವೊಂದೇ ಸಾಕೆನ್ನುವವರಿಗೆ ಸ್ಪಾಕನ ಕಥೆಯು ಉತ್ತರವಾಗಿದೆ. ೧೯೬೭ರ ಜನವರಿಯ ಕಂತಿನಲ್ಲಿ ಅವನು ಆರು ಜನರೊಡನೆ ಅಪಾಯಕರ ಗ್ರಹವೊಂದರಲ್ಲಿ ಸಿಕ್ಕಿಕೊಳ್ಳುತ್ತಾನೆ. ಅವನ ಆಜ್ಞೆಗಳು ಲೆಕ್ಕಕ್ಕೆ ಸರಿ. ಆದರೆ ಸತ್ತ ಸಂಗಾತಿಯನ್ನು ಹೂಳಬೇಕೆನ್ನುವವರ ದುಃಖಕ್ಕೆ ಆ ಲೆಕ್ಕದಲ್ಲಿ ಸ್ಥಳವಿಲ್ಲ. ಜೊತೆಯವರು ಅವನಿಂದ ದೂರವಾಗುತ್ತಾರೆ. ಕೊನೆಗೆ, ಉಳಿದ ಇಂಧನವನ್ನೆಲ್ಲ ಒಮ್ಮೆಗೇ ಉರಿಸಿ ಸಂಕೇತ ಕೊಡುವ ಎದೆಗಾರಿಕೆಯೇ ಅವರನ್ನು ಬದುಕಿಸುತ್ತದೆ.

ಇವೆಲ್ಲ ಕಟ್ಟುಕಥೆಗಳೆಂದು ತಳ್ಳಿಹಾಕದಿರಲು ನಮ್ಮ ನಾಡಿನದೇ ನಿದರ್ಶನವೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾಗಿದ್ದು ಅದರ ನಿರ್ದೇಶಕರೂ ಆದ ಸತೀಶ ಧವನರು, ೧೯೭೨ರಿಂದ ಭಾರತದ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. ೧೯೭೯ರ ಆಗಸ್ಟ್ ೧೦ರಂದು ಶ್ರೀಹರಿಕೋಟೆಯಿಂದ ಹಾರಿದ ಎಸ್.ಎಲ್.ವಿ.-೩ ರಾಕೆಟ್ಟು ವಿಫಲವಾಗಿ ಸಮುದ್ರಕ್ಕೆ ಬಿದ್ದಿತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ನಿಂತು ಸೋಲಿನ ಹೊಣೆಯನ್ನು ಹೊತ್ತವರು ಧವನರು. ೧೯೮೦ರ ಜುಲೈ ೧೮ರಂದು ಅದೇ ಮಾದರಿಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಮಾತನಾಡಲು ಅವರು ಕಲಾಂರನ್ನೇ ಮುಂದಕ್ಕೆ ಕಳುಹಿಸಿದರು. ಇದನ್ನು ಕಲಾಂರು ಜೀವಮಾನವಿಡೀ ನೆನೆಯುತ್ತಿದ್ದರು.

ಕರ್ಕನ ಎಲ್ಲವೂ ಅನುಕರಣೀಯವೆಂದು ನಮ್ಮ ಅಭಿಪ್ರಾಯವಲ್ಲ. ಪ್ರತಿಯೊಂದು ಅಪಾಯಕ್ಕೂ ತಾನೇ ನುಗ್ಗುವ ಚಟ ಅವನದು. ಪ್ರಯೋಗವನ್ನೆಲ್ಲ ತಾನೇ ಮಾಡಿ ತೋರಿಸಿ, ಉಪಕರಣವನ್ನು ಮುಟ್ಟಗೊಡದ ಶಿಕ್ಷಕನು ಇದೇ ದೋಷಕ್ಕೆ ಒಳಗಾದವನು. ಅಲ್ಲದೆ ನೌಕೆಯ ಸಿಬ್ಬಂದಿಯು ಆಯ್ದು ಬಂದ ಪ್ರೌಢರು. ವಿದ್ಯಾರ್ಥಿಗಳು ಇನ್ನೂ ಬೆಳೆಯುತ್ತಿರುವವರು. ಆದುದರಿಂದ ಗುರುವಿಗೆ ನಾಯಕನಿಗಿಂತಲೂ ಹೆಚ್ಚಿನ ತಾಳ್ಮೆ ಬೇಕು.

ವಿದ್ಯಾರ್ಥಿಮಿತ್ರರೇ, ನಾಳೆ ನಿಮ್ಮಲ್ಲಿ ಕೆಲವರು ಶಿಕ್ಷಕರಾಗುವಿರಿ. ಇಂದೇ ಪ್ರಯೋಗಶಾಲೆಯ ತಂಡಕ್ಕೆ ಮುಂದಾಳುಗಳಾಗಿರುವಿರಿ. ನಿಮ್ಮ ಜೊತೆಗಾರನು ತಪ್ಪು ವಾಚನವನ್ನು ತಂದು ತೋರಿಸಿದರೆ ನಗದಿರಿ. ಅದನ್ನು ಅಳಿಸಲೂ ಬೇಡಿರಿ. ಕಾರಣವನ್ನು ಕೂಡಿ ಹುಡುಕಿರಿ.