ಬಾಣ ಹೋದ ಮೇಲೂ ಕೈ ಇಳಿಯಬಾರದೇಕೆ?

ಬಿಲ್ಲುಗಾರಿಕೆ ಕಲಿಸುವ ಮೈದಾನದ ಅಂಚಿನಲ್ಲಿ ಅರ್ಧ ಗಂಟೆ ನಿಂತರೆ ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹುಡುಗನೊಬ್ಬ ಹೆದೆಯನ್ನು ಗಲ್ಲದವರೆಗೆ ಸೆಳೆದು ಬಾಣ ಬಿಡುತ್ತಾನೆ. ಬಿಟ್ಟ ಮರುಗಳಿಗೆಯೇ ಬಿಲ್ಲು ಹಿಡಿದ ಎಡಗೈ ತಟ್ಟನೆ ಕೆಳಗಿಳಿಯುತ್ತದೆ, ತಲೆ ಪಕ್ಕಕ್ಕೆ ವಾಲುತ್ತದೆ. ಬಾಣ ಎಲ್ಲಿ ನೆಟ್ಟಿತೆಂದು ನೋಡುವ ಆತುರ! ನೆಟ್ಟಿರುವುದು ಗುರಿಯಿಂದ ಒಂದು ಗೇಣು ಕೆಳಗೆ. ‘ಕೈ ಇಳಿಸಬೇಡ’ ಎಂದು ಕೋಚ್ ಗದರುತ್ತಾರೆ. ಹುಡುಗ ಚುರುಕಾಗಿದ್ದರೆ ಎದುರು ಪ್ರಶ್ನೆ ಹಾಕುತ್ತಾನೆ: ‘ಬಾಣ ಹೋದ ಮೇಲಲ್ಲವೇ ಸಾರ್ ಕೈ ಇಳಿಸಿದ್ದು? ಹೋದ ಬಾಣಕ್ಕೆ ನನ್ನ ಕೈ ಏನು ಮಾಡೀತು?’

ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಸ್ವಲ್ಪ ಲೆಕ್ಕ ಹಾಕಬೇಕು. ಹೈಸ್ಕೂಲಿನ ಭೌತಶಾಸ್ತ್ರ ಸಾಕು.

ಬಿಲ್ಲಿನ ಬಿಗುವನ್ನು ಇಂದಿಗೂ ಪೌಂಡುಗಳಲ್ಲಿ ಹೇಳುವುದು ರೂಢಿ. 40 ಪೌಂಡಿನ ಬಿಲ್ಲು ಎಂದರೆ ಬಿಲ್ಲಿನ ತೂಕವಲ್ಲ. ಹೆದೆಯನ್ನು ಪೂರ್ತಿಯಾಗಿ, ಸಾಮಾನ್ಯವಾಗಿ 28 ಅಂಗುಲ, ಸೆಳೆದು ಹಿಡಿಯಲು ಸುಮಾರು 18 ಕಿಲೋ ತೂಕವನ್ನು ಎತ್ತಿ ಹಿಡಿಯುವಷ್ಟು ಬಲ ಬೇಕೆಂದು ಅರ್ಥ. ನ್ಯೂಟನ್ ಲೆಕ್ಕದಲ್ಲಿ ಅದು ಸುಮಾರು 178. ಹೆದೆ ಹಿಂದಕ್ಕೆ ಸಾಗುವ ದೂರ ಅರ್ಧ ಮೀಟರಿನಷ್ಟು. ಬಲ ಸೊನ್ನೆಯಿಂದ ಏರುತ್ತ ಹೋಗುವುದರಿಂದ ಸರಾಸರಿ 89 ನ್ಯೂಟನ್ ಎನ್ನೋಣ. ಗುಣಿಸಿದರೆ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿ ಸುಮಾರು 45 ಜೂಲ್. ಇದೆಲ್ಲವೂ ಬಾಣಕ್ಕೆ ದಕ್ಕುವುದಿಲ್ಲ. ಬಿಲ್ಲಿನ ತೋಳುಗಳೂ ಹೆದೆಯೂ ತಮ್ಮ ಪಾಲು ತಿನ್ನುತ್ತವೆ. ಹತ್ತರಲ್ಲಿ ಏಳು ಪಾಲು ಬಾಣಕ್ಕೆ ಬಂತೆಂದು ಇಟ್ಟುಕೊಂಡರೆ, 26 ಗ್ರಾಂ ತೂಕದ ಬಾಣ ಸೆಕೆಂಡಿಗೆ 49 ಮೀಟರ್ ವೇಗದಲ್ಲಿ, ಎಂದರೆ ಗಂಟೆಗೆ 175 ಕಿಲೋಮೀಟರಿನಷ್ಟು ವೇಗದಲ್ಲಿ ಹೊರಡುತ್ತದೆ.

ಬೆರಳು ಬಿಟ್ಟ ಕ್ಷಣದಿಂದ ಬಾಣ ಹೆದೆಯನ್ನು ತೊರೆಯುವವರೆಗೆ ಹಿಡಿಯುವ ಕಾಲ ಸೆಕೆಂಡಿನ ಅರವತ್ತನೇ ಒಂದು ಭಾಗದಷ್ಟು. ಮನುಷ್ಯನಿಗೆ ಒಂದು ಸಂಗತಿ ತಿಳಿದು ಸ್ನಾಯು ಚಲಿಸಲು ಬೇಕಾದ ಕಾಲವೋ ಸುಮಾರು ಸೆಕೆಂಡಿನ ಐದನೇ ಒಂದು ಭಾಗ. ಬಾಣ ಬಿಟ್ಟೆನೆಂಬುದು ಹುಡುಗನ ತಲೆಗೆ ಹೊಳೆದು ಕೈ ಅಲ್ಲಾಡುವಷ್ಟರಲ್ಲಿ ಬಾಣ 10 ಮೀಟರ್ ದೂರ ಸಾಗಿರುತ್ತದೆ. ಅಂದರೆ ಹುಡುಗ ಹೇಳಿದ್ದು ಸರಿ: ನಿಜವಾಗಿ ಬಾಣ ಹೋದ ‘ಮೇಲೆ’ ಕೈ ಇಳಿದಿದ್ದರೆ ಏನೂ ಕೆಡುತ್ತಿರಲಿಲ್ಲ.

ಸಮಸ್ಯೆ ಇರುವುದು ಆ ‘ಮೇಲೆ’ ಎಂಬುದರಲ್ಲಿ. ಬಾಣ ಬಿಡುವವನಿಗೆ ಅದು ಯಾವ ಗಳಿಗೆಯಲ್ಲಿ ಹೊರಡುತ್ತದೆಂದು ಮೊದಲೇ ಗೊತ್ತು. ಬಿಟ್ಟೊಡನೆ ಕೈ ಇಳಿಸಬೇಕೆಂದುಕೊಂಡವನ ಮೆದುಳು ಆ ಆಜ್ಞೆಯನ್ನು ಬೆರಳು ಸಡಿಲಿಸುವ ಆಜ್ಞೆಯ ಜೊತೆಜೊತೆಗೇ ಕಳಿಸಿಬಿಡುತ್ತದೆ. ಹೆದೆ ಇನ್ನೂ ಬೆರಳಲ್ಲಿರುವಾಗಲೇ ಎಡಗೈ ಇಳಿಯತೊಡಗಿರುತ್ತದೆ. ಚೆಂಡು ತಾಗುವ ಮುನ್ನವೇ ಬೌಂಡರಿ ಕಡೆ ತಲೆ ಎತ್ತುವ ಬ್ಯಾಟ್ಸ್‌ಮನ್‌ನ ಕಥೆಯೇ ಇದು. ಬಾಣ ಹೋದ ಮೇಲೂ ನಿಂತಲ್ಲೇ ನಿಲ್ಲು ಎನ್ನುವುದು ಬಾಣಕ್ಕಾಗಿ ಅಲ್ಲ, ಬಿಡುವ ಮುಂಚಿನ ಆ ಅರೆಕ್ಷಣವನ್ನು ಕಾಪಾಡುವುದಕ್ಕಾಗಿ. ಜಪಾನಿನ ಸಾಂಪ್ರದಾಯಿಕ ಬಿಲ್ಲುಗಾರಿಕೆಯಾದ ಕ್ಯುಡೊದಲ್ಲಿ ಬಾಣ ಬಿಡುವ ಕ್ರಿಯೆಗೆ ಎಂಟು ಹಂತಗಳಿವೆ. ಬಿಡುವುದು ಏಳನೆಯದು, ಬಿಟ್ಟ ಮೇಲೆ ಹಾಗೇ ನಿಲ್ಲುವ ‘ಜನ್‌ಶಿನ್’ ಎಂಟನೆಯದು.

ಮೇಷ್ಟರೊಬ್ಬರ ಪುಸ್ತಕ

ಈ ದೋಷಗಳು ಹೊಸವಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪಾಠ ಹೇಳುತ್ತಿದ್ದ, ಮುಂದೆ ರಾಜಕುಮಾರಿ ಎಲಿಜಬೆತ್‌ಗೆ ಗುರುವಾದ ರೋಜರ್ ಆ್ಯಸ್ಕಮ್ 1545ರಲ್ಲಿ ‘ಟಾಕ್ಸೊಫಿಲಸ್’ ಎಂಬ ಪುಸ್ತಕ ಪ್ರಕಟಿಸಿದ. ಬಿಲ್ಲುಗಾರಿಕೆಯ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಮೊದಲ ಪುಸ್ತಕ ಅದು. ನಿಲ್ಲುವುದು, ಬಾಣ ಹೂಡುವುದು, ಸೆಳೆಯುವುದು, ತಡೆದು ಹಿಡಿಯುವುದು, ಬಿಡುವುದು ಎಂದು ಆತ ಇಡೀ ಕ್ರಿಯೆಯನ್ನು ಐದಾಗಿ ವಿಂಗಡಿಸಿದ. ಗುರಿಯನ್ನೇ ಕಚ್ಚುವವನಂತೆ ತಲೆ ಮುಂದೆ ಚಾಚುವವರು, ತುಟಿ ಕಡಿಯುವವರು, ನಾಲಿಗೆ ಹೊರಹಾಕುವವರು, ಪ್ರತಿ ಬಾಣಕ್ಕೂ ಬಲಗಾಲನ್ನು ಬೀಳುವಷ್ಟು ಮೇಲೆತ್ತುವವರು ಎಂದು ಅವನು ಕೊಟ್ಟಿರುವ ಪಟ್ಟಿ ನಗು ತರಿಸುತ್ತದೆ. ಯಾವ ತರಬೇತಿ ಶಿಬಿರಕ್ಕೆ ಹೋದರೂ ಅದೇ ಮುಖಗಳು ಈಗಲೂ ಸಿಗುತ್ತವೆ.

ಈ ಐದರಲ್ಲಿ ಅತಿ ಕಷ್ಟದ್ದು ಕೊನೆಯದು. ಕಷ್ಟ ಏಕೆಂದರೆ ಅದರಲ್ಲಿ ಮಾಡಬೇಕಾದದ್ದು ಏನೂ ಇಲ್ಲ. ನೀರು ತುಂಬಿದ ಬಕೆಟ್ಟನ್ನು ಮೂರು ಬೆರಳಿಗೆ ಕೊಕ್ಕೆಯಂತೆ ನೇತುಹಾಕಿಕೊಂಡು ನೋಡಿ. ಅದನ್ನು ಬೀಳಿಸಬೇಕಾದರೆ ಬೆರಳುಗಳನ್ನು ಬಲವಂತವಾಗಿ ಬಿಚ್ಚಬೇಕಿಲ್ಲ. ಬಿಗಿ ಸಡಿಲಿಸಿದರೆ ಹಿಡಿಕೆಯೇ ಬೆರಳುಗಳನ್ನು ತಳ್ಳಿಕೊಂಡು ಜಾರಿಹೋಗುತ್ತದೆ. ಹೆದೆಯೂ ಹಾಗೆಯೇ. ಬೆರಳು ಎಷ್ಟೇ ಚುರುಕಾಗಿ ಬಿಚ್ಚಿದರೂ 18 ಕಿಲೋ ಬಲದಿಂದ ಧಾವಿಸುವ ಹೆದೆಗಿಂತ ಮೊದಲು ದಾರಿ ಬಿಡಲಾರದು. ಹಾಗೆ ಬಿಚ್ಚಲು ಹೋದವನ ಕೈ ಹೆದೆಯನ್ನು ವೀಣೆಯ ತಂತಿ ಮೀಟಿದಂತೆ ಹೊರಕ್ಕೆ ಎಳೆಯುತ್ತದೆ. ಬಲಗೈಯವನ ಬಾಣ ಆಗ ಸಾಮಾನ್ಯವಾಗಿ ಎಡಕ್ಕೆ ಹೋಗುತ್ತದೆ.

ಹೆದೆ ಪಕ್ಕಕ್ಕೆ ಸರಿದರೆ ಬಾಣವೂ ಬಾಗುತ್ತದೆ. ಚೆನ್ನಾಗಿ ಬಿಟ್ಟ ಬಾಣವೂ ಬಾಗದೆ ಇರುವುದಿಲ್ಲ. ಹೆದೆ ಬುಡವನ್ನು ನೂಕುತ್ತದೆ, ತುದಿಯ ಲೋಹ ಜಡತ್ವದಿಂದ ತಡೆಯುತ್ತದೆ, ನಡುವಿನ ಕಡ್ಡಿ ಮೀನಿನಂತೆ ಅತ್ತಿತ್ತ ಬಳುಕುತ್ತದೆ. ಬಳುಕುವುದರಿಂದಲೇ ಅದು ಬಿಲ್ಲಿನ ಹಿಡಿಯನ್ನು ಸುತ್ತಿ ಬಳಸಿಕೊಂಡು ಮತ್ತೆ ನೇರ ದಾರಿ ಹಿಡಿಯುತ್ತದೆ. ‘ಬಿಲ್ಲುಗಾರನ ವಿರೋಧಾಭಾಸ’ ಎಂದು ಇದಕ್ಕೆ ಹೆಸರು. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮರಾದಲ್ಲಿ ಇದನ್ನು ಸೆರೆಹಿಡಿದು ತೋರಿಸಿದರು. ಬಾಣದ ಕಡ್ಡಿ ಬಿಲ್ಲಿನ ಬಿಗುವಿಗೆ ಹೊಂದದೆ ತೀರ ಪೆಡಸಾಗಿದ್ದರೆ ಅಥವಾ ತೀರ ಮೆದುವಾಗಿದ್ದರೆ ಎಷ್ಟು ಚೆನ್ನಾಗಿ ಬಿಟ್ಟರೂ ಅದು ಪಕ್ಕಕ್ಕೆ ಹೋಗುತ್ತದೆ. ಮಗ ಪದೇ ಪದೇ ಎಡಕ್ಕೆ ಹೊಡೆಯುತ್ತಾನೆಂದು ಬಯ್ಯುವ ಮುನ್ನ ಬಾಣವನ್ನೂ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಸೆಳೆದ ಕೈ ಪ್ರತಿಸಲವೂ ಮುಖದ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ಹಡಗಿಗೆ ಲಂಗರು ಇದ್ದಂತೆ ಕೈಗೊಂದು ನೆಲೆ. ‘ಆ್ಯಂಕರ್ ಪಾಯಿಂಟ್’ ಎನ್ನುತ್ತಾರೆ. ಕೆಲವರಿಗೆ ಅದು ತುಟಿಯ ಅಂಚು, ಕೆಲವರಿಗೆ ಗದ್ದದ ಕೆಳಗೆ. ನಮ್ಮ ಕಾವ್ಯಗಳ ವೀರರಿಗೆ ಕಿವಿ. ‘ಆಕರ್ಣಾಂತ’ ಎಂಬ ಮಾತೇ ಇದೆ. ಎಲ್ಲಿ ಎಂಬುದಕ್ಕಿಂತ ಬದಲಾಗದಿರುವುದು ಮುಖ್ಯ. ಸಮರೂಪ ತ್ರಿಭುಜದ ಲೆಕ್ಕ ಹಾಕಿ: ಬಾಣದ ಬುಡದಿಂದ ಬಿಲ್ಲಿಗೆ 71 ಸೆಂಟಿಮೀಟರ್, ಗುರಿಗೆ 20 ಮೀಟರ್. ಬುಡ 5 ಮಿಲಿಮೀಟರ್ ಸರಿದರೆ ಗುರಿಯಲ್ಲಿ 14 ಸೆಂಟಿಮೀಟರ್ ವ್ಯತ್ಯಾಸ. ಇನ್ನು ಬಿಡುವ ಮೊದಲು ಕೈ ಸೋತು ಒಂದೇ ಅಂಗುಲ ಮುಂದೆ ಸರಿದರೂ ಶಕ್ತಿ ಹತ್ತನೇ ಒಂದು ಭಾಗ ನಷ್ಟವಾಗಿ, 20 ಮೀಟರಿನಲ್ಲಿ ಬಾಣ ಸುಮಾರು 9 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಹೀಗೆ ಸರಿಯದಂತೆ ತಡೆಯುವುದು ತೋಳಿನಿಂದ ಆಗುವ ಕೆಲಸವಲ್ಲ. ಬೆನ್ನಿನ ಎರಡು ಹೆಗಲ ಹಲಗೆಗಳನ್ನು ಒಂದರ ಹತ್ತಿರ ಒಂದು ತಂದು, ಬೆನ್ನಿನ ದೊಡ್ಡ ಸ್ನಾಯುಗಳಿಂದ ಹಿಡಿಯಬೇಕು. ಹಾಗೆ ಹಿಡಿದವನ ಬಲಗೈ ಬಾಣ ಬಿಟ್ಟಾಗ ತಾನಾಗಿಯೇ ಕತ್ತಿನ ಪಕ್ಕ ಹಿಂದಕ್ಕೆ ಸರಿಯುತ್ತದೆ. ಕೈ ಮುಂದಕ್ಕೆ ಹೋದರೆ ಬೆನ್ನು ಕೆಲಸ ಬಿಟ್ಟಿತೆಂದೇ ಲೆಕ್ಕ.

ಏಕಲವ್ಯನ ಹೆಬ್ಬೆರಳು

ಮೂರು ಬೆರಳಿನ ಹಿಡಿತದಲ್ಲಿ ಹೆಬ್ಬೆರಳಿಗೆ ಕೆಲಸವಿಲ್ಲ ಎಂಬುದನ್ನು ಗಮನಿಸಿದಿರಾ? ಹಾಗಾದರೆ ದ್ರೋಣರು ಏಕಲವ್ಯನಿಂದ ಹೆಬ್ಬೆರಳನ್ನೇ ಏಕೆ ಕೇಳಿದರು? ಮಂಗೋಲರು, ತುರ್ಕರು, ಕೊರಿಯನ್ನರು ಹೆಬ್ಬೆರಳನ್ನು ಹೆದೆಗೆ ಕೊಕ್ಕೆ ಹಾಕಿ, ತೋರುಬೆರಳಿನಿಂದ ಅದನ್ನು ಬಿಗಿದು ಸೆಳೆಯುತ್ತಿದ್ದರು. ಹೆಬ್ಬೆರಳಿಗೆ ಕೊಂಬಿನ, ಎಲುಬಿನ ಅಥವಾ ಕಲ್ಲಿನ ಉಂಗುರ. ಷಹಜಹಾನನ ಅಂಥ ಒಂದು ಉಂಗುರ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿದೆ. ಹೆದೆ ಒಂದೇ ಬೆರಳಿನಿಂದ ಜಾರುವುದರಿಂದ ಬಿಡುಗಡೆ ಚುರುಕು. ಹೆಬ್ಬೆರಳು ಕೊಟ್ಟ ಮೇಲೆ ಏಕಲವ್ಯ ಉಳಿದ ಬೆರಳುಗಳಿಂದ ಸೆಳೆದನೆಂದೂ ಮೊದಲಿನ ವೇಗ ಬರಲಿಲ್ಲವೆಂದೂ ಸಂಸ್ಕೃತ ಮಹಾಭಾರತ ಹೇಳುತ್ತದೆ. ಮಹಾಕಾವ್ಯ ಪ್ರಯೋಗಶಾಲೆಯ ದಾಖಲೆಯಲ್ಲ, ನಿಜ. ಆದರೂ ಹೆಬ್ಬೆರಳಿನ ಹಿಡಿತವನ್ನು ಬಲ್ಲವರೇ ಬರೆದ ಮಾತಿನಂತೆ ಇದು ಕೇಳಿಸುತ್ತದೆ.

ತಂದೆತಾಯಿಗಳು ಹೆಚ್ಚು ಯೋಚಿಸಬೇಕಾದದ್ದು ಬಿಲ್ಲಿನ ಬಿಗುವಿನ ಬಗ್ಗೆ. ‘ಬೆಳೆಯುವ ಹುಡುಗ, ಮುಂದಕ್ಕೂ ಆಗಲಿ’ ಎಂದು ದೊಡ್ಡ ಅಳತೆಯ ಶೂ ಕೊಳ್ಳುವಂತೆ ಬಿಗುವಿನ ಬಿಲ್ಲು ಕೊಳ್ಳುವವರಿದ್ದಾರೆ. ಆ್ಯಸ್ಕಮ್‌ನ ಪುಸ್ತಕ ಬಂದ 1545ರಲ್ಲೇ ಇಂಗ್ಲೆಂಡಿನ ‘ಮೇರಿ ರೋಸ್’ ಎಂಬ ಯುದ್ಧನೌಕೆ ಮುಳುಗಿತ್ತು. 1982ರಲ್ಲಿ ಅದನ್ನು ಮೇಲೆತ್ತಲಾಯಿತು. ಅದರಲ್ಲಿದ್ದ 130ಕ್ಕೂ ಹೆಚ್ಚು ಬಿಲ್ಲುಗಳಲ್ಲಿ ಬಹುಪಾಲು 100 ಪೌಂಡ್ ದಾಟಿದವು ಎಂದು ಅಂದಾಜು. ಅಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ ಹೆಗಲ ತುದಿಯ ಮೂಳೆ ಕೂಡಿಕೊಳ್ಳದೆ ಬಿರಿದೇ ಉಳಿದವು ಸಾಮಾನ್ಯಕ್ಕಿಂತ ಹೆಚ್ಚಿದ್ದವು. ಎಳೆಯ ವಯಸ್ಸಿನಿಂದ ಬಿಗುವಿನ ಬಿಲ್ಲು ಸೆಳೆದದ್ದೇ ಕಾರಣವಿರಬೇಕೆಂದು ಸಂಶೋಧಕರು ತರ್ಕಿಸಿದ್ದಾರೆ. ಆ ಮೂಳೆ ಕೂಡಿಕೊಳ್ಳುವುದು ಇಪ್ಪತ್ತರ ಆಸುಪಾಸಿನಲ್ಲಿ.

ಮಕ್ಕಳಿಗೆ 10ರಿಂದ 15 ಪೌಂಡ್ ಆರಂಭಕ್ಕೆ ಧಾರಾಳ. ಪರೀಕ್ಷೆ ಸುಲಭ: ಬಿಲ್ಲನ್ನು ಆಕಾಶಕ್ಕೆ ಎತ್ತಿ ಕುಲುಕದೆ ನೇರವಾಗಿ ಸೆಳೆಯಲು, ಹತ್ತು ಸೆಕೆಂಡು ನಡುಗದೆ ಹಿಡಿಯಲು, ಮತ್ತೆ ಮೆಲ್ಲಗೆ ವಾಪಸು ತರಲು ಆಗಬೇಕು. ಬಾಣವಿಲ್ಲದೆ ಹೆದೆಯನ್ನು ಸೆಳೆದು ಬಿಡುವುದು ಮಾತ್ರ ಬೇಡ. ಶಕ್ತಿ ಹೋಗಲು ಬೇರೆ ದಾರಿಯಿಲ್ಲದೆ ಬಿಲ್ಲೇ ಸಿಡಿಯಬಹುದು. ಬಿಗುವು ಹೆಚ್ಚಾದ ಬಿಲ್ಲಿನಿಂದ ಇನ್ನೊಂದು ಕೇಡೂ ಇದೆ. ಹಿಡಿಯಲಾರದ ಹುಡುಗ ಗುರಿ ಕಂಡೊಡನೆ ಬಿಡಲು ಕಲಿಯುತ್ತಾನೆ. ಬರಬರುತ್ತ ಗುರಿ ಕಂಡರೆ ಸಾಕು, ಬೇಡವೆಂದರೂ ಬೆರಳು ಬಿಟ್ಟುಬಿಡುತ್ತದೆ. ‘ಟಾರ್ಗೆಟ್ ಪ್ಯಾನಿಕ್’ ಎಂಬ ಈ ವ್ಯಾಧಿ ಪಳಗಿದವರನ್ನೂ ಮೈದಾನದಿಂದ ಓಡಿಸಿದೆ.

ಬಿಲ್ಲು ದುಬಾರಿಯದೇ ಆಗಬೇಕೆಂದಿಲ್ಲ. ರಾಜಸ್ಥಾನದ ಉದಯಪುರ ಜಿಲ್ಲೆಯ ಬುಡಕಟ್ಟು ಕುಟುಂಬದ ಲಿಂಬಾರಾಂ ಬಿದಿರಿನ ಬಿಲ್ಲಿನಿಂದ ಬೇಟೆಯಾಡುತ್ತ ಬೆಳೆದು 1988, 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಆಡಿದರು. ರಾಂಚಿ ಬಳಿಯ ದೀಪಿಕಾ ಕುಮಾರಿ ಮಾವಿನಕಾಯಿಗೆ ಕಲ್ಲು ಬೀಸುತ್ತ, ಮನೆಯಲ್ಲೇ ಮಾಡಿದ ಬಿದಿರಿನ ಬಿಲ್ಲು ಹಿಡಿದು ಆರಂಭಿಸಿ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದರು.

ಅಭ್ಯಾಸಕ್ಕೆ ಹಳೆಯ ಉಪಾಯವೊಂದಿದೆ. ಹಿರಿಯರೊಬ್ಬರು ಪಕ್ಕದಲ್ಲಿ ನಿಂತಿರುವಾಗ, ಮೂರು ನಾಲ್ಕು ಮೀಟರ್ ದೂರದಲ್ಲಿ ಎದೆಮಟ್ಟದ ದಪ್ಪ ಹುಲ್ಲಿನ ಪಿಂಡಿ ಇಟ್ಟು, ಅದರ ಮೇಲೆ ಗುರಿಯ ಕಾಗದವಿಲ್ಲದೆ, ಬಾಣ ಹೂಡಿ ಸೆಳೆದ ಮೇಲೆ ಕಣ್ಣು ಮುಚ್ಚಿ ಬಿಡುವುದು. ನೋಡಲು ಏನೂ ಇಲ್ಲದಾಗ ಬೆನ್ನು, ಬೆರಳು, ಗಲ್ಲ ಏನು ಮಾಡುತ್ತಿವೆಯೆಂಬುದು ತಿಳಿಯತೊಡಗುತ್ತದೆ. ವಾರಗಟ್ಟಲೆ ಹೀಗೆ ಮಾಡಿಸಿದರೆ ಮಕ್ಕಳಿಗೆ ಬೇಸರವಾಗುತ್ತದೆ, ಆಗಲಿ. ಆಮೇಲೆ 20 ಮೀಟರಿಗೆ ಹೋದಾಗ ಒಂದೇ ಒಂದು ನಿಯಮ: ಬಾಣ ನೆಟ್ಟ ‘ಠಪ್’ ಸದ್ದು ಕಿವಿಗೆ ಬೀಳುವವರೆಗೆ ಎಡಗೈ ಇಳಿಯಬಾರದು. ಬಾಣ ಅಲ್ಲಿಗೆ ಮುಟ್ಟಲು 0.41 ಸೆಕೆಂಡು, ಸದ್ದು ಮರಳಿ ಬರಲು 0.06 ಸೆಕೆಂಡು. ಹುಡುಗ ಕೈ ಎತ್ತಿ ಹಿಡಿಯಬೇಕಾದದ್ದು ಅರ್ಧ ಸೆಕೆಂಡಿಗಿಂತಲೂ ಕಡಿಮೆ.