ಪೊಳ್ಳು ಒಡಲಿನ ಹಳೆಯ ಗಿಟಾರಿನ ನಾದ

ಪ್ರಶ್ನೆ: ಪೊಳ್ಳು ಒಡಲಿನ ಹಳೆಯ ಎಲೆಕ್ಟ್ರಿಕ್ ಗಿಟಾರಿನ ನಾದಕ್ಕೆ ಅಷ್ಟು ಮೋಹವೇಕೆ? ಡೊಂಬಿವಲಿಯ ಹವೆಗೆ ಅದು ತಾಳುತ್ತದೆಯೇ?

ಉತ್ತರ: ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಜೋಡಣೆಯನ್ನು ಪಿಕಪ್ ಎನ್ನುತ್ತಾರೆ. ಗಿಬ್ಸನ್ ಕಂಪನಿಯು 1936ರಲ್ಲಿ ಇದನ್ನು ಪೊಳ್ಳು ಒಡಲಿಗೆ ಅಳವಡಿಸಿ ತಂದ ಇಎಸ್-150 ಮಾದರಿಯನ್ನು ನುಡಿಸಿದ ಚಾರ್ಲಿ ಕ್ರಿಶ್ಚಿಯನ್, ತಾಳಕ್ಕೆ ಜೊತೆಗೊಡುತ್ತಿದ್ದ ಗಿಟಾರಿಗೆ ಜಾಝ್ ವೃಂದದಲ್ಲಿ ಏಕವಾದನದ ಸ್ಥಾನವನ್ನು ಭದ್ರಪಡಿಸಿದರು. ಇಡಿಮರದ ಗಿಟಾರಿನಲ್ಲಿ ಕಂಪನಶಕ್ತಿ ಬಹುಮಟ್ಟಿಗೆ ತಂತಿಯಲ್ಲೇ ಉಳಿದು ಸ್ವರ ದೀರ್ಘವಾಗಿ ನಿಲ್ಲುತ್ತದೆ. ಪೊಳ್ಳು ಒಡಲಿನಲ್ಲಾದರೋ ತೆಳುವಾದ ಮೇಲ್ಹಲಗೆ ಆ ಶಕ್ತಿಯನ್ನು ಹೀರಿ ಗಾಳಿಗೆ ದಾಟಿಸುವುದರಿಂದ, ಸ್ವರ ದುಂಡಾಗಿ ಮೂಡಿ ಬೇಗ ಅಡಗುತ್ತದೆ. ಮೋಹದ ಮೂಲ ಈ ಬೇಗ ಅಡಗುವ ಗುಣದಲ್ಲೇ ಇದೆ. ಅದೇ ಹಲಗೆ ಧ್ವನಿವರ್ಧಕದ ಶಬ್ದಕ್ಕೂ ಮರುಕಂಪಿಸಿ ಊಳಿಡುವುದುಂಟು. ಫೀಡ್‌ಬ್ಯಾಕ್ ಎಂಬ ಈ ದೋಷದಿಂದಾಗಿ ಅಬ್ಬರದ ಸಂಗೀತಕ್ಕೆ ಈ ವಾದ್ಯ ಅಷ್ಟಾಗಿ ಹೊಂದುವುದಿಲ್ಲ.

ಹಿಂದುಸ್ತಾನಿ ಕೇಳುಗರಿಗೆ ಈ ಕುಲದ ವಾದ್ಯ ಅಪರಿಚಿತವೇನಲ್ಲ: ಸರೋದ್ ವಾದಕ ಅಲಿ ಅಕ್ಬರ್ ಖಾನರ ಶಿಷ್ಯ ಬ್ರಿಜ್‌ಭೂಷಣ ಕಾಬ್ರಾ ಅವರು, ಕಮಾನಿನಂತೆ ಉಬ್ಬಿದ ಮೇಲ್ಹಲಗೆಯ ಗಿಬ್ಸನ್ ಸೂಪರ್ 400 ಗಿಟಾರಿಗೆ ಶ್ರುತಿಯ ತಂತಿಯನ್ನು ಸೇರಿಸಿ, ಲೋಹದ ತುಂಡನ್ನು ತಂತಿಯ ಮೇಲೆ ಜಾರಿಸುತ್ತ, ಸ್ವರದಿಂದ ಸ್ವರಕ್ಕೆ ಎಡೆಬಿಡದೆ ಸಾಗುವ ಮೀಂಡನ್ನು ಸಾಧಿಸಿದರು.

ಇನ್ನು ಹವೆಯ ಮಾತು: ಡೊಂಬಿವಲಿಯಲ್ಲೂ ಕಲ್ಯಾಣದಲ್ಲೂ ನವಿ ಮುಂಬಯಿಯಲ್ಲೂ ಮಳೆಗಾಲದ ತೇವಕ್ಕೆ ಮರ ಹಿಗ್ಗಿ ಕತ್ತಿನ ಬಾಗು ಬದಲಾಗಬಹುದಾದ್ದರಿಂದ, ವಾದ್ಯವನ್ನು ಗೋಡೆಗೆ ತೂಗುಹಾಕದೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಪೆಟ್ಟಿಗೆಯಲ್ಲಿಡುವುದು ಲೇಸು. ಹಳೆಯದೆಲ್ಲ ಸುಶ್ರಾವ್ಯವೆಂಬ ನಂಬಿಕೆ ಮಾತ್ರ ವ್ಯಾಪಾರಿಗಳಿಗೇ ಹೆಚ್ಚು ಲಾಭದ್ದು.